ಪರಿಹಾರಕ್ಕೂ ಒಂದು ದರಪಟ್ಟಿ ಇರಲಿ

ಮಾನ್ಯ ಸಂಪಾದಕರೇ,

ಬದುಕಿರುವ ಹೆಂಡತಿಯನ್ನು ಕೊಂದ ಆರೋಪ ಹೊತ್ತು ಜೈಲಿನಲ್ಲಿ ಕೊಳೆತ ಕುಶಾಲನಗರದ ಕಡೆಯ ಆದಿವಾಸಿ ಕೂಲಿಕಾರನ ಪ್ರಕರಣ ಓದುಗರಿಗೆ ನೆನಪಿರಬಹುದು. ಸತ್ತಳೆಂದು ಪೊಲೀಸರು ಬರೆದಿದ್ದ ಆಕೆ 2025ರ ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ಕಣ್ಣಿಗೆ ಬಿದ್ದಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಆತನನ್ನು ಖುಲಾಸೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಕೊಡಬೇಕೆಂದಿತು. ಆತ 5 ಕೋಟಿ ಕೇಳಿ ಹೈಕೋರ್ಟಿಗೆ ಹೋದ. ಒಂದು ಲಕ್ಷ ಕಡಿಮೆಯೋ, ಐದು ಕೋಟಿ ಹೆಚ್ಚೋ? ಅಳೆದು ಹೇಳಲು ನಮ್ಮ ಕಾನೂನಿನಲ್ಲಿ ಅಳತೆಗೋಲೇ ಇಲ್ಲ.

ಇಂಥವರಿಗೆ ವಿಧಾನಸಭೆಯೇ ಅವರವರ ಹೆಸರಿನಲ್ಲಿ ಮಸೂದೆ ಮಾಡಿ ಹಣ ಕೊಟ್ಟುಬಿಡಲಿ, ಅಮೆರಿಕದಲ್ಲಿ ಹಾಗೇ ಮಾಡುತ್ತಾರೆ ಎಂದು ಗೆಳೆಯರೊಬ್ಬರು ವಾದಿಸಿದರು. ಕೇಳಲು ಚೆನ್ನಾಗಿದೆ. ಅಲ್ಲಿನ ಫ್ಲಾರಿಡಾ ರಾಜ್ಯದಲ್ಲಿ ಈ ಪದ್ಧತಿ ನಿಜಕ್ಕೂ ಇದೆ. ಸರ್ಕಾರದ ತಪ್ಪಿನಿಂದ ಎಷ್ಟೇ ಹಾನಿಯಾಗಿರಲಿ, ನ್ಯಾಯಾಲಯ ಎಷ್ಟೇ ಕೊಡು ಎಂದಿರಲಿ, ಕಾಯ್ದೆ ಹಾಕಿದ ಮಿತಿ ದಾಟಿದ ಹಣ ಬೇಕೆಂದರೆ ಶಾಸನಸಭೆ ಆ ಒಬ್ಬ ವ್ಯಕ್ತಿಗಾಗಿಯೇ ಮಸೂದೆ ಅಂಗೀಕರಿಸಬೇಕು.

ಅದರ ಫಲ ನೋಡಿ. 1998ರಲ್ಲಿ ಶೆರಿಫ್ ಕಚೇರಿಯ, ಅಂದರೆ ಅಲ್ಲಿನ ಸ್ಥಳೀಯ ಪೊಲೀಸ್ ಕಚೇರಿಯ, ಅಧಿಕಾರಿಯೊಬ್ಬ ಅತಿವೇಗದಿಂದ ಓಡಿಸಿದ ಕಾರು ಗುದ್ದಿ 18 ವರ್ಷದ ಹುಡುಗನ ಮಿದುಳಿಗೆ ಪೆಟ್ಟಾಯಿತು. 2005ರಲ್ಲಿ ಜ್ಯೂರಿ (ಮೊಕದ್ದಮೆ ಕೇಳಿ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ) 3 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕೆಂದಿತು. 2011ರ ಅಧಿವೇಶನದ ಕೊನೆಯ ರಾತ್ರಿ ಮಸೂದೆ ಬಿದ್ದುಹೋಯಿತು. ಮರುವರ್ಷ 1 ಕೋಟಿ 7 ಲಕ್ಷ 50 ಸಾವಿರ ಡಾಲರಿಗೆ ಒಪ್ಪಿಗೆ ಸಿಕ್ಕಿತು. ತೀರ್ಪು ಕೈಯಲ್ಲಿ ಹಿಡಿದುಕೊಂಡು ಏಳು ವರ್ಷ ಶಾಸಕರ ಬಾಗಿಲು ಕಾಯುವುದಕ್ಕೆ ಪರಿಹಾರ ಎನ್ನುತ್ತೇವೆಯೋ, ದೇಹಿ ಎನ್ನುವುದು ಎನ್ನುತ್ತೇವೆಯೋ?

ಮಾಡದ ಅಪರಾಧಕ್ಕೆ 22 ವರ್ಷ ಜೈಲಿನಲ್ಲಿದ್ದು ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದ ವಿಲ್ಟನ್ ಡೆಡ್ಜ್ ಅವರಿಗೆ 2005ರಲ್ಲಿ 20 ಲಕ್ಷ ಡಾಲರ್ ದೊರೆತದ್ದೂ ಹೀಗೆಯೇ. ಇಂಥ ಪ್ರಕರಣಗಳು ಒಂದರ ಹಿಂದೊಂದು ಬಂದಾಗ ರಾಜ್ಯ 2008ರಲ್ಲಿ ಸಾಮಾನ್ಯ ಕಾಯ್ದೆಯನ್ನೇ ಮಾಡಿತು: ಜೈಲಿನಲ್ಲಿ ಕಳೆದ ಪ್ರತಿ ವರ್ಷಕ್ಕೆ 50 ಸಾವಿರ ಡಾಲರ್. ಆದರೆ ಅದರಲ್ಲೊಂದು ಮುಳ್ಳು ಉಳಿಸಿದರು, ಬೇರೆ ಯಾವುದಾದರೂ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಇದು ಸಲ್ಲದು ಎಂದು. 27 ವರ್ಷ ಕಳೆದುಕೊಂಡ ವಿಲಿಯಂ ಡಿಲನ್ ಹದಿಹರೆಯದಲ್ಲಿ ಒಂದೇ ಒಂದು ಅಮಲಿನ ಮಾತ್ರೆ ಇಟ್ಟುಕೊಂಡು ಸಿಕ್ಕಿಬಿದ್ದಿದ್ದರಂತೆ. ಅಷ್ಟಕ್ಕೇ ಕಾಯ್ದೆಯ ಬಾಗಿಲು ಮುಚ್ಚಿತು. ಮತ್ತೆ ಮಸೂದೆ, ಮತ್ತೆ ಕಾಯುವಿಕೆ. 2012ರಲ್ಲಿ 13 ಲಕ್ಷ 50 ಸಾವಿರ ಡಾಲರ್ ಬಂತು. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಅದೇ 50 ಸಾವಿರ! ಆ ಮಸೂದೆಯಲ್ಲಿ ಡಿಲನ್ ಅವರಲ್ಲಿ ಕ್ಷಮೆ ಕೇಳುವ ಮಾತೂ ಇತ್ತು ಎಂಬುದನ್ನು ಹೇಳಲೇಬೇಕು. ಅದೊಂದನ್ನು ನಾವು ಎರವಲು ತರಬಹುದು.

ನಮ್ಮಲ್ಲಿ? ಬಿಹಾರದ ರುದುಲ್ ಸಾಹ್ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಇದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು 35 ಸಾವಿರ ರೂಪಾಯಿ. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಕೊಡಿಸಬಹುದಾದ ಮೊತ್ತ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೆಚ್ಚೆಂದರೆ 1,000 ರೂಪಾಯಿ ಇತ್ತು. ಸಂಹಿತೆಯ ಹೆಸರು ಬದಲಾಯಿತು, ಸಾವಿರ ಮಾತ್ರ ಸಾವಿರವಾಗಿಯೇ ಉಳಿಯಿತು. ಇದಕ್ಕೊಂದು ಪ್ರತ್ಯೇಕ ಕಾನೂನು, ವಿಶೇಷ ನ್ಯಾಯಾಲಯಗಳು ಬೇಕೆಂದು ಕಾನೂನು ಆಯೋಗ 2018ರಲ್ಲೇ 277ನೇ ವರದಿ ಕೊಟ್ಟಿದೆ. ಇಂದಿಗೂ ಅದು ಕಾನೂನಾಗಿಲ್ಲ.

ನಾನು ನ್ಯಾಯಾಲಯದ ಕಚೇರಿಯಲ್ಲಿ ದುಡಿದವನು. ಮೂರು ವರ್ಷ ವಿಚಾರಣಾಧೀನ ಕೈದಿಯಾಗಿದ್ದು ಖುಲಾಸೆಯಾದ ಒಬ್ಬಾತ ಜಪ್ತಿಯಾಗಿದ್ದ ತನ್ನ ಸೈಕಲ್ಲನ್ನು ಬಿಡಿಸಿಕೊಳ್ಳಲು ಬಂದಿದ್ದ. ಮುದ್ದೆಮಾಲು ವಾಪಸಿಗೆ ಅರ್ಜಿ ಇತ್ತು, ಕಾಲಂ ಇತ್ತು, ರುಜು ಹಾಕಿಸಿಕೊಳ್ಳುವ ವಹಿ ಇತ್ತು. ಟೈರು ಗೆದ್ದಲು ತಿಂದಂತಾಗಿದ್ದ ಆ ಸೈಕಲ್ಲನ್ನು ಕ್ರಮಬದ್ಧವಾಗಿಯೇ ಒಪ್ಪಿಸಿದೆವು. ಹೋದ ಮೂರು ವರ್ಷಕ್ಕೆ ಯಾವ ವಹಿಯಲ್ಲೂ ಕಾಲಂ ಇರಲಿಲ್ಲ.

ನಮ್ಮ ಹಾಸನ, ಕೊಡಗಿನಲ್ಲಿ ಕಾಡಾನೆ ಗದ್ದೆ ತುಳಿದರೆ ಇಷ್ಟು, ಮನುಷ್ಯನನ್ನೇ ಕೊಂದರೆ ಇಷ್ಟು ಎಂದು ಸರ್ಕಾರಿ ಆದೇಶದಲ್ಲಿ ದರ ನಿಗದಿಯಾಗಿದೆ. ಆನೆಗಿರುವ ದರ ಪೊಲೀಸರಿಗೇಕಿಲ್ಲ? ದಂಡ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ, ಇರುವುದರಿಂದ ಕೇಂದ್ರದ ಕಡೆ ಬೆರಳು ತೋರಿಸಿ ಸುಮ್ಮನಿರಬೇಕಾಗಿಲ್ಲ. ರಾಜ್ಯವೇ ಮುಂದಡಿ ಇಡಬಹುದು. ಕೊಡಗು ಅಥವಾ ಮೈಸೂರಿನ ಶಾಸಕರೊಬ್ಬರು ಮುಂದಿನ ಅಧಿವೇಶನದಲ್ಲಿ ಖಾಸಗಿ ಸದಸ್ಯರ ಮಸೂದೆಯನ್ನಾದರೂ ಮಂಡಿಸಲಿ. ಅದು ಆ ಕೂಲಿಕಾರನೊಬ್ಬನ ಹೆಸರಿನಲ್ಲಿ ಬೇಡ. ಜೈಲಿನ ಪ್ರತಿ ವರ್ಷಕ್ಕೆ ಇಷ್ಟು, ಇಷ್ಟು ದಿನದೊಳಗೆ, ಇಂಥ ಕಚೇರಿಯಿಂದ ಎಂದು ಬರೆದಿರಲಿ. ಹಳೆಯ ಪುಡಿಗೇಸುಗಳನ್ನು ಕೆದಕಿ ಬಾಗಿಲು ಮುಚ್ಚುವ ಷರತ್ತು ಮಾತ್ರ ಅದರಲ್ಲಿ ಬೇಡವೇ ಬೇಡ.

– ನಿವೃತ್ತ ಶಿರಸ್ತೇದಾರ, ಹಾಸನ