ಗಾಜಿನ ಕುಲುಮೆ ಹಚ್ಚುವ ಮುಂಚೆ ಲೆಕ್ಕ ಹಾಕಿ

ಸಂಪಾದಕರಿಗೆ,

ಮಾನ್ಯರೇ,

ನವಿ ಮುಂಬೈ, ಡೊಂಬಿವಲಿ ಕಡೆಯ ಕನ್ನಡಿಗರಲ್ಲಿ ಈಚೆಗೆ ಒಂದು ಮಾತು ಓಡಾಡುತ್ತಿದೆ. ಯಕ್ಷಗಾನ, ಭರತನಾಟ್ಯದ ತರಗತಿಗಳ ಹಾಗೆಯೇ ಜನ ಬಂದು ಗಾಜು ಊದಲು ಕಲಿಯುವ ಒಂದು ಸಮುದಾಯ ಕಾರ್ಯಾಗಾರವನ್ನೂ ತೆರೆಯೋಣ ಎಂಬುದು. ಯೋಚನೆ ಚೆನ್ನಾಗಿದೆ. ಆದರೆ ಮಾತೆಲ್ಲ ಉದ್ಘಾಟನೆ, ದೇಣಿಗೆ, ಫಲಕದ ಸುತ್ತಲೇ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಗಾಜಿನ ಕೆಲಸ ಬಲ್ಲ ನಾವು ಕೆಲವರು ಕೇಳುವುದು ಇಷ್ಟೆ: ಕುಲುಮೆ ಕಟ್ಟಲು ಎಷ್ಟು ಎಂದು ಲೆಕ್ಕ ಹಾಕಿದವರು, ಅದನ್ನು ತಿಂಗಳುಗಟ್ಟಲೆ ಉರಿಸಿಡಲು ಎಷ್ಟು ಎಂದೂ ಹಾಕಿದ್ದಾರೆಯೆ?

ಗಾಜಿನ ಕುಲುಮೆ ಹೋಟೆಲಿನ ಒಲೆಯ ಹಾಗೆ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವಂಥದ್ದಲ್ಲ. ಒಳಗಿರುವ ಮೂಸೆ, ಅಂದರೆ ಗಾಜು ಕರಗುವ ಪಾತ್ರೆ, ಗಾಜು ತುಂಬಿಕೊಂಡೇ ತಣ್ಣಗಾದರೆ ಬಹುತೇಕ ಸೀಳುತ್ತದೆ. ಹೊಸ ಮೂಸೆಯನ್ನು ಕೆಲಸದ ಬಿಸಿಗೆ ತರಲು ಕನಿಷ್ಠ ಮೂರು ದಿನ ಬೇಕು. ಅದರಲ್ಲೂ 600 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಆತುರ ಕೂಡದು. ಕುಲುಮೆಯ ಗೋಡೆಗೆ ಹೊಸದಾಗಿ ಕ್ಯಾಸ್ಟಬಲ್ (ಬಿಸಿ ತಾಳುವ ಕಾಂಕ್ರೀಟು) ಹಾಕಿದ್ದರೆ 110 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ನೀರು ಹೊರಡಿಸಬೇಕು. ಇಲ್ಲವಾದರೆ ಒಳಗೆ ಸಿಕ್ಕಿಕೊಂಡ ಆವಿ ಗೋಡೆಯನ್ನೇ ಸಿಡಿಸುತ್ತದೆ. ಮುಂಬೈ ಮಳೆಗಾಲದಲ್ಲಿ ಎರಕ ಹೊಯ್ದವರು ಈ ಹಂತಕ್ಕೆ ಇನ್ನೂ ಒಂದು ದಿನ ಸೇರಿಸಿಕೊಳ್ಳಬೇಕು.

ಲೆಕ್ಕ ನೋಡಿ. 45 ಕಿಲೋ ಹಿಡಿಯುವ, ಚೆನ್ನಾಗಿ ಶಾಖನಿರೋಧಕ ಹೊದಿಸಿದ ವಿದ್ಯುತ್ ಕುಲುಮೆ 1,100 ಡಿಗ್ರಿಯಲ್ಲಿ ಸುಮ್ಮನೆ ನಿಂತಿರಲು ಸರಾಸರಿ 5 ಕಿಲೋವ್ಯಾಟ್ ಎಳೆಯುತ್ತದೆ ಎಂದು ಹಿಡಿಯಿರಿ. ದಿನಕ್ಕೆ 120 ಯೂನಿಟ್, ತಿಂಗಳಿಗೆ 3,600. ಯೂನಿಟ್‌ಗೆ ಹತ್ತೇ ರೂಪಾಯಿ ಎಂದರೂ 36,000 ರೂಪಾಯಿ. ಯಾರೂ ಬಾರದ ತಿಂಗಳಲ್ಲೂ ಇಷ್ಟು ಕಟ್ಟಲೇಬೇಕು. ಊದುವಾಗ ಗಾಜನ್ನು ಮತ್ತೆ ಮತ್ತೆ ಕಾಯಿಸುವ ಗ್ಲೋರಿ ಹೋಲ್‌ನದು ಬೇರೆ ಖರ್ಚು. ಹತ್ತು ಹನ್ನೆರಡು ಇಂಚು ಬಾಯಿಯದು ಗಂಟೆಗೆ ಸುಮಾರು 3 ಕಿಲೋ ಎಲ್‌ಪಿಜಿ ತಿನ್ನುತ್ತದೆ. ದಿನಕ್ಕೆ ಆರು ಗಂಟೆಯಂತೆ ತಿಂಗಳಲ್ಲಿ ಇಪ್ಪತ್ತು ದಿನ ನಡೆಸಿದರೆ 360 ಕಿಲೋ, ಅಂದರೆ 19 ಕಿಲೋದ ವಾಣಿಜ್ಯ ಸಿಲಿಂಡರ್ ಹತ್ತೊಂಬತ್ತು. ಸಮಾಧಾನಕ್ಕೆ ಒಂದೇ ಮಾತು, ಇದನ್ನು ಬೇಡವಾದಾಗ ಆರಿಸಬಹುದು.

ಆದ್ದರಿಂದ ನಮ್ಮ ಸಲಹೆ: ಕುಲುಮೆ ಚಿಕ್ಕದಿರಲಿ, ವಿದ್ಯುತ್ತಿನದಿರಲಿ, ಅಕ್ಟೋಬರಿನಿಂದ ಮೇ ತನಕ ಮಾತ್ರ ಉರಿಯಲಿ. ಮೇ ಕೊನೆಗೆ ಮೂಸೆಯಲ್ಲಿರುವ ಗಾಜನ್ನು ಸೌಟಿನಿಂದ ತೋಡಿ ನೀರಿಗೆ ಸುರಿದು, ಖಾಲಿಯಾದ ಮೇಲೆ ಬಿಸಿಯನ್ನು ನಿಧಾನವಾಗಿ ಇಳಿಸಿದರೆ ಮೂಸೆ ಉಳಿಯುವ ಸಂಭವವಿದೆ. ಉಳಿದೇ ತೀರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ದೊಡ್ಡ ಕುಲುಮೆಯ ಆಸೆ ಈ ಭಾಗದಲ್ಲಿ ಸಹಜವೇ. ಜನರಿಂದ ಪೈಸೆ ಪೈಸೆ ಕೂಡಿಸಿ 1908ರಲ್ಲಿ ಪುಣೆ ಬಳಿಯ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಎದ್ದಿತು. ಕರಾಡದ ಹತ್ತಿರ ಓಗಲೆವಾಡಿಯಿಂದ ಪ್ರಭಾಕರ ಲಾಟೀನು ಮನೆಮನೆಗೆ ಹೋಯಿತು. ಅವು ಕಾರ್ಖಾನೆಗಳು, ಹಗಲು ರಾತ್ರಿ ಮಾಲು ತೆಗೆದವು. ಹವ್ಯಾಸಿಗಳ ಮಾದರಿ ಬೇರೆ. ಅಮೆರಿಕದ ಟೊಲೀಡೊದಲ್ಲಿ 1962ರಲ್ಲಿ ಕಲಾಶಿಕ್ಷಕ ಹಾರ್ವೆ ಲಿಟಲ್‌ಟನ್ ನಡೆಸಿದ ಶಿಬಿರಗಳು ತೋರಿಸಿಕೊಟ್ಟದ್ದು, ಒಬ್ಬರೇ ನೋಡಿಕೊಳ್ಳಬಲ್ಲ ಸಣ್ಣ ಕುಲುಮೆಯಲ್ಲೂ ಗಾಜು ಊದಬಹುದು ಎಂಬುದನ್ನು.

ಹಣ ಕಡಿಮೆ ಬಿದ್ದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಅನೀಲರ್‌ಗೆ, ಅಂದರೆ ಮಾಡಿದ ವಸ್ತುವನ್ನು ನಿಧಾನವಾಗಿ ತಣಿಸುವ ಪೆಟ್ಟಿಗೆಗೆ. ಇದರಷ್ಟು ತಪ್ಪು ಉಳಿತಾಯ ಬೇರೆ ಇಲ್ಲ. ಹೊರಮೈ ಬೇಗ ಗಟ್ಟಿಯಾಗಿ ಒಳಗು ತಡವಾಗಿ ಕುಗ್ಗಿದರೆ ಗಾಜಿನೊಳಗೆ ಬಿಗಿತ ಉಳಿಯುತ್ತದೆ. ಲೋಟ ಮನೆಗೆ ಹೋದ ಮೇಲೆ, ಕೆಲವೊಮ್ಮೆ ವಾರ ಕಳೆದು, ತನ್ನಷ್ಟಕ್ಕೆ ಸೀಳುತ್ತದೆ. ಕೈಯಲ್ಲಿ ಊದುವ ಸೋಡಾ-ಸುಣ್ಣದ ಸ್ಟುಡಿಯೋ ಗಾಜಿಗೆ 480ರಿಂದ 510 ಡಿಗ್ರಿಯ ನಡುವೆ, ಆಯಾ ಗಾಜಿಗೆ ತಯಾರಕರು ಹೇಳಿದ ಬಿಂದುವಿನಲ್ಲಿ ನಿಲ್ಲಿಸಬೇಕು. 6 ಮಿಲಿಮೀಟರ್ ದಪ್ಪದ ಲೋಟಕ್ಕೆ ಒಂದು ಗಂಟೆ ನಿಲುವು, ಆಮೇಲೆ 370ರವರೆಗೆ ಗಂಟೆಗೆ 60 ಡಿಗ್ರಿ ಮೀರದಂತೆ ಇಳಿತ, ಅಲ್ಲಿಂದ ಬಾಗಿಲು ಮುಚ್ಚಿಯೇ ತಣಿಯಲು ಬಿಡುವುದು. ದಪ್ಪ ಎರಡರಷ್ಟಾದರೆ ಇಳಿತದ ವೇಗ ಕಾಲು ಭಾಗಕ್ಕೆ ಬರಬೇಕು. ಮೊದಲ ದಿನ ಕಲಿಯುವವರಿಗೆ ಎಲ್ಲ ಕಡೆಯೂ ಪೇಪರ್‌ವೇಟ್ ಮಾಡಿಸುತ್ತಾರೆ, ಕೈಗೆ ಅದೇ ಸುಲಭ. ಅನೀಲರ್‌ಗೆ ಮಾತ್ರ ಅದೇ ಕಷ್ಟ. ಐದಾರು ಸೆಂಟಿಮೀಟರಿನ ಗುಂಡಿಗೆ ಒಂದು ದಿನಕ್ಕೂ ಹೆಚ್ಚು ಬೇಕು, ಅದರ ಜೊತೆಗಿಟ್ಟ ತೆಳು ಲೋಟಗಳೂ ಅಷ್ಟು ಹೊತ್ತು ಕಾಯಬೇಕು. ಹಾಗಾಗಿ ಅನೀಲರ್ ಎರಡಿರಲಿ. ಬಿಗಿತ ಉಳಿದಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಎಲ್‌ಸಿಡಿ ಪರದೆಯಲ್ಲಿ ಬರಿಯ ಬಿಳಿ ತೆರೆದು, ಮುಂದೆ ಲೋಟ ಹಿಡಿದು, ಪೋಲರಾಯ್ಡ್ ಹಾಳೆಯನ್ನು ಕಣ್ಣಿನ ಮುಂದೆ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಲೋಟದಲ್ಲಿ ಬೆಳಕಿನ ಪಟ್ಟೆ ಎದ್ದು ಕಂಡರೆ ಅದನ್ನು ಮತ್ತೆ ಅನೀಲರ್‌ಗೆ ಹಾಕಿ.

ತಾಪ ಅಳೆಯುವ ವಿಷಯದಲ್ಲೂ ಜಿಪುಣತನ ಬೇಡ. ಅನೀಲರ್‌ಗೆ ಕೆ ಮಾದರಿಯ ಥರ್ಮೋಕಪಲ್ (ತಾಪ ಅಳೆಯುವ ತಂತಿ ಜೋಡಿ) ಸಾಕು. ಕುಲುಮೆಯ 1,200 ಡಿಗ್ರಿಯಲ್ಲಿ ಅದು ಬೇಗ ದಾರಿ ತಪ್ಪುತ್ತದೆ, ಅಲ್ಲಿ ಎಸ್ ಅಥವಾ ಆರ್ ಮಾದರಿಯದೇ ಬೇಕು. ಹೀಟಿಂಗ್ ಎಲಿಮೆಂಟಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್, ಅಂದರೆ ಸಾಲಿಡ್ ಸ್ಟೇಟ್ ರಿಲೇ, ಕೆಟ್ಟಾಗ ಸಾಮಾನ್ಯವಾಗಿ ಆನ್ ಆದ ಸ್ಥಿತಿಯಲ್ಲೇ ಕೂತುಬಿಡುತ್ತದೆ. ಥರ್ಮೋಕಪಲ್ ಜಾರಿ ಹೊರಬಂದರೆ ಕಂಟ್ರೋಲರ್ ಇನ್ನೂ ತಣ್ಣಗಿದೆ ಎಂದುಕೊಂಡು ಕಾಯಿಸುತ್ತಲೇ ಹೋಗುತ್ತದೆ. ಎರಡಕ್ಕೂ ಮದ್ದು ಒಂದೇ: ಬೇರೆ ಥರ್ಮೋಕಪಲ್ ಇರುವ ಪ್ರತ್ಯೇಕ ಮಿತಿ-ನಿಯಂತ್ರಕ, ಅದರ ಆಜ್ಞೆಯಂತೆ ಕರೆಂಟ್ ಕಡಿಯುವ ಯಾಂತ್ರಿಕ ಸ್ವಿಚ್ (ಕಾಂಟ್ಯಾಕ್ಟರ್).

ಇನ್ನು ಹಳೆಯ ಬಾಟಲಿಗಳ ಮಾತು. ನಮ್ಮವರ ಬಾರ್-ರೆಸ್ಟೋರೆಂಟುಗಳಿಂದ ಖಾಲಿ ಬಾಟಲಿ ತಂದು ಕರಗಿಸಿದರೆ ಗಾಜು ಪುಕ್ಕಟೆ, ಪರಿಸರಕ್ಕೂ ಒಳ್ಳೆಯದು ಎಂಬ ಉತ್ಸಾಹ ಕೇಳಲು ಹಿತವಾಗಿದೆ. ಬಾಟಲಿ ಗಾಜನ್ನು ಯಂತ್ರದ ವೇಗಕ್ಕೆಂದೇ ಬೆರೆಸಿರುತ್ತಾರೆ. ಕೊಳವೆಯ ತುದಿಯಲ್ಲಿ ಅದು ಬೇಗ ಬಿಗಿಯುತ್ತದೆ, ಹೊಸಬರಿಗೆ ರೂಪ ಕೊಡಲು ಸಮಯವೇ ಸಿಗದು. ಬೇರೆ ಬೇರೆ ಕಂಪನಿಯ ಬಾಟಲಿ ಬೆರೆತರೆ ಇನ್ನೂ ಕೆಟ್ಟದು, ಏಕೆಂದರೆ ಹಿಗ್ಗುವಿಕೆಯ ಗುಣಾಂಕ ಹೊಂದುವುದಿಲ್ಲ. ಕೈಯಲ್ಲಿ ಊದುವ ಸ್ಟುಡಿಯೋ ಗಾಜು, ಅದಕ್ಕೆ ಹೊಂದುವ ಜರ್ಮನ್ ಬಣ್ಣದ ಕಡ್ಡಿಗಳು ಈ ಗುಣಾಂಕದಲ್ಲಿ ಸಾಮಾನ್ಯವಾಗಿ 96ರ ಸುತ್ತ (ಒಂದು ಡಿಗ್ರಿಗೆ ಕೋಟಿಯಲ್ಲಿ 96 ಭಾಗ) ಇರುತ್ತವೆ. ಕಿಟಕಿ ಗಾಜು, ಬಾಟಲಿ ಗಾಜು ಅದಕ್ಕಿಂತ ಕೆಳಗೆ, ಪ್ರಯೋಗಾಲಯದ ಬೋರೋಸಿಲಿಕೇಟ್ 33ರ ಹತ್ತಿರ. ಹೊಂದುತ್ತದೆಯೋ ಇಲ್ಲವೋ ನೋಡಲು ಎರಡು ಗಾಜಿನ ಪಟ್ಟಿಗಳನ್ನು ಪಕ್ಕಪಕ್ಕ ಬೆಸೆದು, ಕಾಯಿಸಿ, ದಾರದಂತೆ ಎಳೆಯಿರಿ. ತಣ್ಣಗಾದ ಮೇಲೆ ದಾರ ನೆಟ್ಟಗಿದ್ದರೆ ಸರಿ. ಬಾಗಿದರೆ, ಒಳಬಾಗಿನ ಕಡೆಯ ಗಾಜು ಹೆಚ್ಚು ಕುಗ್ಗಿದೆ ಎಂದರ್ಥ, ಆ ಜೋಡಿ ಬೇಡ. ಬಾಟಲಿಯೇ ಬೇಕೆನ್ನುವವರು ಒಂದೇ ಬ್ರಾಂಡಿನ, ಒಂದೇ ಬಣ್ಣದ ಬಾಟಲಿ ಹಿಡಿದು, ಬಣ್ಣದ ಕಡ್ಡಿಯ ಆಸೆ ಬಿಡಬೇಕು.

ಗ್ಯಾಸಿನ ವಿಷಯ ಹೋಟೆಲ್ ನಡೆಸುವ ನಮ್ಮವರಿಗೆ ಗೊತ್ತಿದೆ, ಆದರೂ ಎರಡು ಮಾತು. ಒಂದು ಸಿಲಿಂಡರಿನಿಂದ ಗಂಟೆಗೆ ಸುಮಾರು ಒಂದು ಕಿಲೋಗಿಂತ ಹೆಚ್ಚು ಎಳೆದರೆ ಅದು ಮಂಜು ಕಟ್ಟಿ ಒತ್ತಡ ಬೀಳುತ್ತದೆ. ಹಾಗಾಗಿ ನಾಲ್ಕನ್ನು ಮ್ಯಾನಿಫೋಲ್ಡಿಗೆ, ಅಂದರೆ ಒಂದೇ ಸಾಮಾನ್ಯ ಕೊಳವೆಗೆ, ಜೋಡಿಸಿ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಒಟ್ಟು 100 ಕಿಲೋ ಮೀರದ ಎಲ್‌ಪಿಜಿ ದಾಸ್ತಾನಿಗೆ ಪರವಾನಗಿ ಬೇಡ, ಅಂದರೆ 19 ಕಿಲೋದವು ಐದಕ್ಕೆ ನಿಲ್ಲಿಸಿ. ಬರ್ನರ್ ಲೈನಿನಲ್ಲಿ ಗಾಳಿ ಊದುವ ಬ್ಲೋವರ್ ನಿಂತ ಕೂಡಲೆ ಗ್ಯಾಸ್ ಮುಚ್ಚುವ ಸೊಲೆನಾಯ್ಡ್ ವಾಲ್ವ್, ಗಾಳಿಯ ಒತ್ತಡದ ಸ್ವಿಚ್, ಜ್ವಾಲೆ ನೋಡುವ ಸೆನ್ಸರ್ ಇರಲೇಬೇಕು. ಭಿವಂಡಿ, ವಸಯಿ ಕಡೆ ಕರೆಂಟ್ ಹೋಗಿ ಬರುವ ಗಾಲಾಗಳಲ್ಲಿ (ಕೈಗಾರಿಕೆಯ ಸಣ್ಣ ಶೆಡ್ಡುಗಳಲ್ಲಿ), ಕರೆಂಟ್ ಬಂದ ಮೇಲೆ ತಾನಾಗಿ ಮತ್ತೆ ಹೊತ್ತಿಕೊಳ್ಳುವ ವ್ಯವಸ್ಥೆ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿಕೆಯ ಡಿಟೆಕ್ಟರ್ ನೆಲದಿಂದ ಒಂದಡಿಯೊಳಗೆ ಇರಲಿ. ನೆಲಮಾಳಿಗೆ, ಸಂಘದ ಮಹಡಿ, ವಸತಿ ಸೊಸೈಟಿ ಯಾವುದೂ ಬೇಡ. ಅಗ್ನಿಶಾಮಕ ದಳದ ಒಪ್ಪಿಗೆ ಸಿಗುವ ಕೈಗಾರಿಕಾ ಗಾಲಾ ಹುಡುಕಿ: 14 ಅಡಿ ಎತ್ತರ, ಕಾಂಕ್ರೀಟ್ ನೆಲ, ಥ್ರೀ ಫೇಸ್ ಕರೆಂಟ್, ಗಾಳಿ ಹೊರದೂಡುವ ಫ್ಯಾನಿನ ಎದುರು ಗೋಡೆಯಲ್ಲಿ ಹೊಸ ಗಾಳಿಗೆ ತೆರಪು. ಹೊರದೂಡುವ ಫ್ಯಾನ್ ಎಷ್ಟೇ ದೊಡ್ಡದಿದ್ದರೂ ಒಳಬರುವ ದಾರಿ ಇಲ್ಲದಿದ್ದರೆ ಅದು ಕುಲುಮೆಯ ಹೊಗೆಯನ್ನೇ ಒಳಕ್ಕೆಳೆಯುತ್ತದೆ.

ಕಣ್ಣಿನ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಗಾಜಿನ ಕೆಲಸಕ್ಕೆ ಡಿಡಿಮಿಯಂ ಕನ್ನಡಕ ಸಾಕು ಎನ್ನುತ್ತಾರೆ. ಅದು ಸೋಡಿಯಂನ ಹಳದಿ ಉರಿಯನ್ನು ಮರೆಮಾಡಿ ನೋಟವನ್ನು ಸ್ಪಷ್ಟಗೊಳಿಸುತ್ತದೆ ಅಷ್ಟೆ, ಅವಗೆಂಪು (ಇನ್ಫ್ರಾರೆಡ್) ಕಿರಣವನ್ನು ತಡೆಯುವುದಿಲ್ಲ. ವರ್ಷಗಟ್ಟಲೆ ಕುಲುಮೆಯ ಬಾಯಿ ನೋಡಿದವರಿಗೆ ಬರುವ ಪೊರೆಗೆ ಕಾರಣ ಆ ಕಿರಣವೇ. ಅದನ್ನು ತಡೆಯುವ ಬೇರೆ ಗಾಜು ಬೇಕು. ಶಾಖನಿರೋಧಕ ಹೊದಿಕೆಯ ಸೆರಾಮಿಕ್ ಫೈಬರ್ ಕತ್ತರಿಸುವಾಗ, ಹಳೆಯದನ್ನು ಕೀಳುವಾಗ ಸರಿಯಾದ ರೆಸ್ಪಿರೇಟರ್ ಹಾಕಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೊರಕೆ ಬೇಡ. ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿ ಬಾಗಿಲಲ್ಲೇ ನಿಲ್ಲಲಿ.

ಉಪಕರಣಗಳಲ್ಲಿ ಊದುವ ಬ್ಲೋಪೈಪ್, ಗಾಜನ್ನು ತಳದಿಂದ ಹಿಡಿಯುವ ಪಂಟಿ ಸರಳು, ಗಾಜನ್ನು ಒತ್ತಿ ರೂಪಿಸುವ ಇಕ್ಕಳದಂಥ ಜಾಕ್ಸ್, ಕತ್ತರಿ, ಗಾಜನ್ನು ಹೊರಳಿಸುವ ಉಕ್ಕಿನ ಮಾರ್ವರ್ ತಟ್ಟೆ ಇವು ಒಂದು ಬೆಂಚಿಗೆ ಸಾಕು. ಕರಾವಳಿಯ ಗಾಳಿಗೆ ಜಾಕ್ಸ್ ತುಕ್ಕು ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಜೇನುಮೇಣ ಸವರಿ. ಬಿಸಿ ಗಾಜನ್ನು ಅಂಗೈಯಲ್ಲಿ ರೂಪಿಸಲು ವೃತ್ತಪತ್ರಿಕೆಯನ್ನು ದಪ್ಪ ಪದರವಾಗಿ ಮಡಚಿ ನೀರಿನಲ್ಲಿ ನೆನೆಸಿ ಹಿಡಿಯುತ್ತಾರೆ. ನಯವಾದ ಬಣ್ಣದ ಪುರವಣಿ ನಡೆಯದು, ಒಳಪುಟಗಳೇ ಆಗಬೇಕು. ಸಂಪಾದಕರು ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳಬಾರದು.

ಫಿರೋಜಾಬಾದಿನ ಕಾರೀಗರರನ್ನು ಕರೆತಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಬಂದಿದೆ. ಅವರ ಕೈಚಳಕ ದೊಡ್ಡದು, ಕರೆಯಲೇಬೇಕು. ಆದರೆ ಅವರು ದುಡಿಯುವುದು ವೇಗಕ್ಕೆ, ಸಂಖ್ಯೆಗೆ. ಹೊಸಬರ ಪಕ್ಕ ನಿಂತು ನಿಧಾನವಾಗಿ ಹೇಳಿಕೊಡುವುದು ಬೇರೆ ವಿದ್ಯೆ. ಪ್ರಯೋಗಾಲಯದ ಗಾಜು ಊದುವವರು ಲೇತ್ ಮೇಲೆ ಕೊಳವೆ ತಿರುಗಿಸುವವರು, ಅವರಿಗೂ ಮೂಸೆಯ ಗಾಜು ಹೊಸದು.

ಒಂದು ಗ್ಲೋರಿ ಹೋಲ್‌ಗೆ ಒಂದು ಬೆಂಚು, ಒಂದು ಬೆಂಚಿಗೆ ಮೂವರು, ಮೂರು ಗಂಟೆಯ ಸರದಿ. ಒಂದು ಸರದಿಗೆ ಮೂರು ನಾಲ್ಕು ಕಿಲೋ ಗಾಜು ಹೋಗುತ್ತದೆ. 45 ಕಿಲೋದಲ್ಲಿ ತಳದ ಮೂರನೆಯ ಒಂದು ಭಾಗ ಬಿಟ್ಟರೆ ಏಳರಿಂದ ಹತ್ತು ಸರದಿ. ಆಮೇಲೆ ರಾತ್ರಿ ಯಾರಾದರೂ ಕೂತು, 1,200 ಡಿಗ್ರಿ ದಾಟಿಸಿ, ನಾಲ್ಕೈದು ಕಂತಿನಲ್ಲಿ, ಹಿಂದಿನದು ಕರಗಿದ ಮೇಲೆಯೇ ಮುಂದಿನದು ಎಂಬಂತೆ ಗಾಜು ತುಂಬಬೇಕು. ಒಟ್ಟಿಗೆ ಸುರಿದರೆ ಗುಳ್ಳೆ ಹೊರಹೋಗದೆ ನಿಲ್ಲುತ್ತದೆ. ಆ ರಾತ್ರಿಗೆ ಸಂಬಳದ ಮನುಷ್ಯ ಬೇಕು, ಸ್ವಯಂಸೇವಕರು ಎರಡು ತಿಂಗಳಲ್ಲಿ ಬಾರದಾಗುತ್ತಾರೆ. ಮೊದಲ ಖರೀದಿ ಪಟ್ಟಿಯಲ್ಲೇ ಇನ್ನೊಂದು ಮೂಸೆ, ಒಂದು ಜೊತೆ ಹೀಟಿಂಗ್ ಎಲಿಮೆಂಟ್, ಎರಡು ಥರ್ಮೋಕಪಲ್ ಬರೆಯಿರಿ. ಇವು ಕೆಡುವುದು ಶನಿವಾರ ರಾತ್ರಿ, ಅಂಗಡಿ ತೆರೆಯುವುದು ಸೋಮವಾರ.

ಇಂತಿ,
ಗಾಜಿನ ಕೆಲಸದ ಕೆಲವು ಕನ್ನಡಿಗರು
ಡೊಂಬಿವಲಿ