ಮೀನಿನ ದರ ಬಿಲ್ಲಿನಲ್ಲಷ್ಟೇ ತಿಳಿಯಬೇಕೆ?

ಮಾನ್ಯ ಸಂಪಾದಕರೇ,

ಮಂಗಳೂರಿನ ಹೆಸರುವಾಸಿ ಮೀನಿನ ಹೋಟೆಲುಗಳ ಮೆನು ಕಾರ್ಡನ್ನು ಒಮ್ಮೆ ಬಿಡಿಸಿ ನೋಡಿ. ನೀರ್ ದೋಸೆಗೆ ದರವಿದೆ, ಕೋರಿ ರೊಟ್ಟಿಗೆ ಇದೆ, ನೀರಿನ ಬಾಟಲಿಗೂ ಇದೆ. ಅಂಜಲ್, ಮಾಂಜಿ, ಕಾಣೆ, ಏಡಿಗಳ ಎದುರು ಮಾತ್ರ ಹಲವೆಡೆ ‘ಗಾತ್ರಕ್ಕೆ ತಕ್ಕಂತೆ’ ಎಂದಿರುತ್ತದೆ, ಇಲ್ಲವೇ ಅದನ್ನೇ ಇಂಗ್ಲಿಷಿನಲ್ಲಿ ಹೇಳುವ ‘ಎಪಿಎಸ್’ (ಆಸ್ ಪರ್ ಸೈಜ್) ಎಂಬ ಮೂರಕ್ಷರ. ಜನ ಅಲ್ಲಿಗೆ ಹೋಗುವುದೇ ಆ ಮೀನಿಗಾಗಿ. ಬಾಯಿಬಿಟ್ಟು ಕೇಳದಿದ್ದರೆ ಅದರ ಬೆಲೆಯೇ ಬಿಲ್ಲು ಬರುವವರೆಗೆ ಗುಟ್ಟು.

ಈಚೆಗೆ ಒಂದು ಭಾನುವಾರ ಅಂಥದೊಂದು ಹೋಟೆಲಿನಲ್ಲಿ (ಹೆಸರು ಬೇಡ, ಉಳಿದವರೂ ಬೇರೆಯಲ್ಲ) ಬಾಗಿಲಲ್ಲಿ ಬಹಳ ಹೊತ್ತು ಕಾದು ಜಾಗ ಹಿಡಿದೆವು. ಸಪ್ಲೈಯರ್ ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಮೀನುಗಳನ್ನು ಸಾಲಾಗಿ ಜೋಡಿಸಿ ತಂದ. ಎಲ್ಲಕ್ಕೂ ತಲೆಯಿಂದ ಬಾಲದವರೆಗೆ ಕೆಂಪು ಮಸಾಲೆ ಮೆತ್ತಿತ್ತು. ದರ ಕೇಳಿದರೆ ಬೆರಳು ತೋರಿಸುತ್ತ ಒಂದೊಂದಕ್ಕೆ ಒಂದೊಂದು ಮೊತ್ತ ಹೇಳಿದ. ತೂಕ ಎಷ್ಟು ಎಂದಾಗ ಸುಮ್ಮನೆ ನಕ್ಕ. ಪಕ್ಕದ ಮೇಜಿನಲ್ಲಿ ಘಟ್ಟದ ಮೇಲಿನಿಂದ ಬಂದ ಕುಟುಂಬವೊಂದಿತ್ತು. ಏನನ್ನೂ ಕೇಳದೆ ದೊಡ್ಡ ಮಾಂಜಿ ಆರಿಸಿದ ಆ ಯಜಮಾನರು ಕೊನೆಗೆ ಬಿಲ್ಲನ್ನು ಮೂರು ಸಲ ಓದಿ, ಹೆಂಡತಿಗೆ ತೋರಿಸದೆ ಮಡಚಿ ಜೇಬಿಗೆ ಹಾಕಿದರು.

ರುಚಿಯ ಬಗ್ಗೆ ನನ್ನ ತಕರಾರಿಲ್ಲ. ರವೆಯಲ್ಲಿ ಹುರಿದ ಕಾಣೆಯ ಅಂಚು ಗರಿಗರಿಯಾಗಿತ್ತು, ನಡುಮುಳ್ಳು ಒಂದೇ ಎಳೆತಕ್ಕೆ ಇಡಿಯಾಗಿ ಬಂತು. ಬಂಗುಡೆ ಪುಳಿಮುಂಚಿಗೂ ಹೆಸರಿಡುವಂತಿರಲಿಲ್ಲ.

ಮೀನು ಮಾರುಕಟ್ಟೆಯಲ್ಲೂ ಎಲ್ಲವನ್ನೂ ತೂಗಿ ಕೊಡುವುದಿಲ್ಲ ನಿಜ; ಬಂಗುಡೆ, ಬೂತಾಯಿ ಲೆಕ್ಕದಲ್ಲಿ, ಪಾಲಿನಲ್ಲಿ ಹೋಗುತ್ತವೆ. ಆದರೆ ಕೊಳ್ಳುವವರು ಕಿವಿರು ಎತ್ತಿ ಕೆಂಪಗಿದೆಯೇ ನೋಡುತ್ತಾರೆ, ಬೆರಳಿನಿಂದ ಒತ್ತುತ್ತಾರೆ, ಕಣ್ಣು ಗುಳಿಬಿದ್ದಿದ್ದರೆ ಮೀನು ಮಾರುವಾಕೆಯ ಎರಡು ಮಾತು ಕೇಳಿಸಿಕೊಂಡೇ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಹೋಟೆಲಿನ ತಟ್ಟೆಯಲ್ಲಿ ಮಸಾಲೆ ಇಷ್ಟನ್ನೂ ಮುಚ್ಚಿಬಿಡುತ್ತದೆ. ಅಂಜಲ್ ಅಂತೂ ತುಂಡಿನ ವ್ಯವಹಾರ. ಹೊಟ್ಟೆಯ ಭಾಗದ ಅಗಲ ತುಂಡು ಬರುವುದೋ ಬಾಲದ ಕಡೆಯದೋ ಎಂಬುದು ಅವರವರ ಅದೃಷ್ಟ.

ಹೋಟೆಲಿನವರ ಮಾತಿನಲ್ಲೂ ಹುರುಳಿದೆ. ದಕ್ಕೆಯ (ಮೀನುಗಾರಿಕೆ ಬಂದರಿನ) ಏಲಂ ದರ ದಿನಕ್ಕೊಂದು. ಅಚ್ಚು ಹಾಕಿಸಿದ ಕಾರ್ಡಿನಲ್ಲಿ ಅದನ್ನು ಹಿಡಿದಿಡಲಾಗದು. ಹಾಗಾದರೆ ಚಿನ್ನದಂಗಡಿಯವರಂತೆ ದಿನದ ದರವನ್ನು ಹಲಗೆಯ ಮೇಲೆ ಬರೆಯಲಿ: ಈ ಮೀನು, ನೂರು ಗ್ರಾಂಗೆ ಇಷ್ಟು. ಕಾವಲಿಯ ಮೇಲೆ ಮೀನಿನ ನೀರಿಳಿದು ತೂಕ ಕಡಿಮೆಯಾಗುವುದರಿಂದ ಮಸಾಲೆ ಹಚ್ಚುವ ಮುಂಚಿನ ಹಸಿ ತೂಕವನ್ನೇ ಲೆಕ್ಕಕ್ಕೆ ಹಿಡಿಯಲಿ, ಬಿಲ್ಲಿನಲ್ಲೂ ನಮೂದಿಸಲಿ. ಅಡುಗೆಮನೆಯಲ್ಲಿ ಒಂದು ತಕ್ಕಡಿ ಇಟ್ಟರೆ ಮುಗಿಯಿತು.

ಅದೇ ಹಲಗೆಯಲ್ಲಿ ಮೀನು ಎಲ್ಲಿಯದೆಂದೂ ಬರೆದರೆ ಒಳ್ಳೆಯದು. ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗಲೂ ಮೆನುವಿನಲ್ಲಿ ಎಲ್ಲ ಮೀನೂ ಇರುತ್ತದೆ, ಎಲ್ಲವೂ ‘ತಾಜಾ’. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಅಲ್ಲಿಂದ ಮೀನು ಬರುತ್ತದೆ, ನಾಡದೋಣಿಯವರು ತಂದಷ್ಟು ಸಿಗುತ್ತದೆ, ಉಳಿದದ್ದು ಶೀತಲಗೃಹದ ಸರಕು. ಮಂಜುಗಡ್ಡೆಯ ಮೀನು ತಿನ್ನುವುದರಲ್ಲಿ ತಪ್ಪೇನಿಲ್ಲ, ಆದರೆ ಆಗಸ್ಟ್‌ನ ದಕ್ಕೆಯ ಮೀನಿಗೂ ಅದಕ್ಕೂ ಒಂದೇ ಹೆಸರು, ಒಂದೇ ದರ ಸಲ್ಲದು.

ಸರಕಿನ ಗುಣಮಟ್ಟ, ಪ್ರಮಾಣ, ಬೆಲೆಗಳನ್ನು ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ಹೋಟೆಲುಗಳು ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಬಿಲ್ಲಿನ ಕೊನೆಯ ಸಾಲಿನ ಬಗ್ಗೆ ಅಷ್ಟು ಚರ್ಚೆಯಾಯಿತು. ಮೊದಲ ಸಾಲಿನಲ್ಲಿರುವ ಮೀನನ್ನು ಯಾರೂ ಕೇಳಿಲ್ಲ. ಮುಂದಿನ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತಿಗಾದರೂ ಹೋಟೆಲ್ ಮಾಲೀಕರೂ ತೂಕ-ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳೂ ಕೂಡಿ ಕುಳಿತು ಈ ಹಲಗೆ, ತಕ್ಕಡಿಗಳನ್ನು ಕಡ್ಡಾಯ ಮಾಡಲಿ.

– ಓದುಗ, ಕದ್ರಿ, ಮಂಗಳೂರು