ಗುಜರಿಯಲ್ಲಿ ಸಿಕ್ಕ ಸೈಕ್ವೆಸ್ಟ್ ಡ್ರೈವ್: ಭಾನುವಾರ ಬರುವವರು ಓದಿ

ಗೆಳೆಯರೇ, ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ ಹಳೆಯ ಸೈಕ್ವೆಸ್ಟ್ ಡ್ರೈವ್ ಸಿಕ್ಕಿದೆ, ಅಂದರೆ ಹಾಕಿ ತೆಗೆಯಬಹುದಾದ ಡಿಸ್ಕುಗಳನ್ನು ಓದುವ ಕಂಪ್ಯೂಟರ್ ಸಾಧನ. ಜೊತೆಗೆ ಮೂರು ಕಾರ್ಟ್ರಿಡ್ಜ್ (ಅದಕ್ಕೆ ಹಾಕುವ ಡಿಸ್ಕ್ ಡಬ್ಬಿ), ಒಂದೊಂದೂ 44 ಎಂಬಿ. 1980ರ ದಶಕದ ಕೊನೆಗೆ ಡಿಟಿಪಿಯವರು ದೊಡ್ಡ ಫೈಲುಗಳನ್ನು ಪ್ರೆಸ್ಸಿಗೆ ಒಯ್ಯುತ್ತಿದ್ದುದು ಇಂಥವುಗಳಲ್ಲೇ. ನನಗಂತೂ ತುಂಬಾ ಖುಷಿಯಾಗಿದೆ.

ಒಂದೇ ಕೋರಿಕೆ: ಯಾರೂ ಸುಮ್ನೆ ಕಾರ್ಟ್ರಿಡ್ಜ್ ಹಾಕಿ ನೋಡಬೇಡಿ. ಒಳಗಿರುವುದು ಹಾರ್ಡ್ ಡಿಸ್ಕಿನ ಗಟ್ಟಿ ತಟ್ಟೆ. ಡೇಟಾ ಓದುವ, ಬರೆಯುವ ಹೆಡ್ಡು ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ನಮ್ಮ ಬಳ್ಳಾರಿಯ ಅದಿರು ಧೂಳು ಗೊತ್ತಲ್ವಾ, ಒಂದು ಕಣ ಸಾಕು, ತಟ್ಟೆ ಗೀರಿಹೋಗುತ್ತದೆ. ಗೀರಿದ ತಟ್ಟೆ ಹೆಡ್ಡನ್ನು ಕೆಡಿಸುತ್ತದೆ. ಕೆಟ್ಟ ಹೆಡ್ಡು ಮುಂದಿನ ಕಾರ್ಟ್ರಿಡ್ಜನ್ನೂ ಹಾಳು ಮಾಡುತ್ತದೆ.

ಮೊದಲು ಡ್ರೈವಿಗೆ ಬೇಕಾದ 5 ವೋಲ್ಟ್, 12 ವೋಲ್ಟ್ ಸರಿಯಾಗಿ ಬರುತ್ತಾ ಅಂತ ಮಲ್ಟಿಮೀಟರಿನಲ್ಲಿ ನೋಡೋಣ. ಆಮೇಲೆ ಧೂಳು ತೆಗೆಯೋಣ. ಹಳೆಯ ರಬ್ಬರು ಕರಗಿ ಅಂಟಾಗಿದ್ದರೆ ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಬೇಕು.

ಸ್ಕಸಿ ಕಾರ್ಡ್ (ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್), 50 ಪಿನ್ ಕೇಬಲ್, ಸ್ಕಸಿ ಸಾಲಿನ ಕೊನೆಗೆ ಹಾಕುವ ಟರ್ಮಿನೇಟರ್ ಯಾರ ಹತ್ತಿರವಾದರೂ ಇದ್ದರೆ ತನ್ನಿ. ತಟ್ಟೆ ಓದಿದರೆ ಮೊದಲು ಪೂರ್ತಿ ನಕಲು ತೆಗೆಯೋಣ, ಅದರ ಮೇಲೆ ಏನನ್ನೂ ಬರೆಯುವುದು ಬೇಡ. ಯಾವುದಾದರೂ ಪ್ರೆಸ್ಸಿನ ಪುಟಗಳು ಸಿಕ್ಕರೆ ಅವರನ್ನು ಹುಡುಕಿ ಕೊಟ್ಟುಬಿಡೋಣ. ಭಾನುವಾರ ಬೆಳಿಗ್ಗೆ 10ಕ್ಕೆ, ನಮ್ಮ ಮನೆಯಲ್ಲಿ.